ಹಣೆಯ ಮೇಲೆ ಹೆಬ್ಬೆರಳಷ್ಟು ಜಾಗ

ಬೇಲೂರು
12 ಆಗಸ್ಟ್ 2024

ಇಂದೂ,

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನಿನಲ್ಲಿ ಹೇಳುವ ಹಾಗಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಲಾಡ್ಜಿನಲ್ಲಿ ನನ್ನ ಕೌಂಟರಿನ ಮೇಲೆ ಹೊಸ ಕ್ಯಾಮೆರಾ ಹಾಕಿಸಿದ್ದಾರೆ, ಅದಕ್ಕೆ ಮಾತೂ ಕೇಳಿಸುತ್ತದಂತೆ. ಮನೆಗೆ ಬಂದರೆ ನಮ್ಮತ್ತೆಯ ಕಿವಿ ಆ ಕ್ಯಾಮೆರಾಕ್ಕಿಂತ ಚುರುಕು. ಇದನ್ನು ಬೆಳಗಿನ ಅರಸೀಕೆರೆ ಬಸ್ಸಿನ ಕಂಡಕ್ಟರ್ ರಾಜಶೇಖರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಪಾರ್ಲರ್ ಅವನಿಗೆ ಗೊತ್ತು. ಉತ್ತರವನ್ನೂ ಅವನಿಗೇ ಕೊಡು.

ವಿಷಯ ಇಷ್ಟು. ಷಡಕ್ಷರಪ್ಪನವರಿಗೆ ಮಂಡಿನೋವು ಜಾಸ್ತಿಯಾಗಿ ಲಾಡ್ಜನ್ನು ಮಗ ಶಶಿಕಿರಣನಿಗೆ ವಹಿಸಿದ್ದಾರೆ. ಹುಡುಗ ಒಳ್ಳೆಯವನೇ, ನಯವಾಗಿಯೇ ಮಾತಾಡುತ್ತಾನೆ. ಮೊನ್ನೆ ನನ್ನನ್ನು ಕರೆದು, "ತಪ್ಪು ತಿಳ್ಕೋಬೇಡಿ ಮೇಡಂ, ಫ್ರಂಟಲ್ಲಿ ಇರೋರು ಸ್ವಲ್ಪ ಫ್ರೆಶ್ ಆಗಿ ಕಾಣ್ಬೇಕು. ನಿಮ್ಗೆ ಸುಸ್ತು ಅನ್ಸಿದ್ರೆ ಒಳ್ಗಡೆ ಬೆಡ್‌ಶೀಟ್ ರೂಮ್ ನೋಡ್ಕೊಳ್ಳೋಕೂ ಒಬ್ರು ಬೇಕು, ಸಂಬಳ ಎಲ್ಲ ಅದೇ" ಅಂದ. ನಾನೇನು ಸಂತೆಗೆ ಬಂದ ಸೊಪ್ಪೇನೇ, ನೀರು ಚಿಮುಕಿಸಿ ಫ್ರೆಶ್ ಮಾಡಲು? ಹಾಗೆ ಅನ್ನಬೇಕಿತ್ತು. "ಆಗ್ಲಿ ಸರ್" ಅಂದು ಬಂದೆ.

ಹತ್ತೊಂಬತ್ತು ವರ್ಷದಿಂದ ಆ ಕೌಂಟರಿನ ಹಿಂದೆ ಇದ್ದೇನೆ. ಮನೆಯಲ್ಲಿ ನಾನು ಬಸವಕುಮಾರನ ಹೆಂಡತಿ, ಅತ್ತೆಗೆ "ಇವ್ಳೇ". ಅಲ್ಲಿ ಮಾತ್ರ ನನ್ನ ಹೆಸರು ಎದೆಯ ಮೇಲೆ ಬರೆದಿರುತ್ತದೆ. ಆ ಕುರ್ಚಿ ಹೋದರೆ ನಾನು ಏನಾಗುತ್ತೇನೋ ನನಗೇ ಗೊತ್ತಿಲ್ಲ ಕಣೇ, ಹೆದರಿಕೆಯಾಗುತ್ತಿದೆ. ನಮ್ಮೂರ ಗುಡಿಯಲ್ಲಿ ಒಬ್ಬಳು ಒಂಬೈನೂರು ವರ್ಷದಿಂದ ಕನ್ನಡಿ ಹಿಡಿದುಕೊಂಡು ನಿಂತಿದ್ದಾಳೆ, ಅವಳನ್ನು ಯಾರೂ ಬೆಡ್‌ಶೀಟ್ ರೂಮಿಗೆ ಕಳಿಸಿಲ್ಲ.

ಮೂವತ್ತನೇ ತಾರೀಖು ವೆಬ್‌ಸೈಟಿಗೆ ನಮ್ಮೆಲ್ಲರ ಫೋಟೋ ತೆಗೆಯುತ್ತಾರೆ. ಅಷ್ಟರಲ್ಲಿ ಈ ಮುಖಕ್ಕೆ ಏನಾದರೂ ಮಾಡು. ಮದುವಣಗಿತ್ತಿಯ ಮೇಕಪ್ ಬೇಡ. ದಿನಾ ಹಚ್ಚಿಕೊಳ್ಳುವಂಥದ್ದು, ಹಚ್ಚಿಕೊಂಡಿದ್ದಾಳೆ ಅಂತ ಗೊತ್ತಾಗಬಾರದು. ನಲವತ್ತಾರು ಮೂವತ್ತೆಂಟಾದರೆ ಸಾಕು.

ನಿನ್ನ
ಶಾಂತಾ


ಅರಸೀಕೆರೆ
17 ಆಗಸ್ಟ್ 2024

ಲೇ ಶಾಂತಾದೇವಿ,

ಮಠದ ಹಾಸ್ಟೆಲಿನಲ್ಲಿ ನಾನು ದೀಪದ ಮಸಿ ತೆಗೆದು ಕಾಡಿಗೆ ಮಾಡುವಾಗ "ಶೋಕಿ ಇಂದು" ಅಂತ ಹೆಸರಿಟ್ಟವಳು ಯಾರು? ವಾರ್ಡನ್ ಬಸಮ್ಮನಿಗೆ ಚಾಡಿ ಹೇಳಿದವಳು ಯಾರು? ಇಪ್ಪತ್ತೇಳು ವರ್ಷ ಕಾದೆ, ಈಗ ನೀನೇ ನನ್ನ ಬಾಗಿಲಿಗೆ ಬಂದೆ. ತುಂಬ ಖುಷಿಯಾಯಿತು.

ಪಾರ್ಲರಿನಲ್ಲಿ ಕಾಲಿಡಲು ಜಾಗವಿಲ್ಲ, ಅಷ್ಟು ಜನ. ಅದರ ಮಧ್ಯೆ ಕೂತು ಬರೆಯುತ್ತಿದ್ದೇನೆ. ಡಬ್ಬಿ ಕಳಿಸಿದ್ದೇನೆ. ಹೇಳಿದ ಹಾಗೆ ಮಾಡು, ನಿನ್ನ ಬುದ್ಧಿ ಉಪಯೋಗಿಸಬೇಡ.

ಮೊದಲು ತಣ್ಣೀರಲ್ಲಿ ಮುಖ ತೊಳೆದು ಕ್ರೀಮ್ ಹಚ್ಚಿ ಸುಮ್ಮನೆ ಐದು ನಿಮಿಷ ಕೂರು. ನಿನಗೆ ಸುಮ್ಮನೆ ಕೂರುವುದೇ ಕಷ್ಟ, ಗೊತ್ತು. ಆಮೇಲೆ ಫೌಂಡೇಶನ್, ಅವರೆಕಾಳಿನಷ್ಟು, ಅದಕ್ಕಿಂತ ಜಾಸ್ತಿ ಬೇಡ. ನಮ್ಮ ವಯಸ್ಸಿನಲ್ಲಿ ದಪ್ಪಗೆ ಬಳಿದರೆ ಒಂದೊಂದು ಗೆರೆಯೂ ಎದ್ದು ಬಂದು ನಮಸ್ಕಾರ ಹೇಳುತ್ತದೆ. ಒದ್ದೆ ಸ್ಪಂಜಿನಲ್ಲಿ ಒತ್ತು, ಉಜ್ಜಬೇಡ. ಕಣ್ಣಿನ ಕೆಳಗೆ ಉಂಗುರದ ಬೆರಳಲ್ಲೇ ತಟ್ಟಬೇಕು, ಆ ಬೆರಳಿಗೆ ಜೋರು ಕಡಿಮೆ. ಹುಬ್ಬಿನಲ್ಲಿ ಕೂದಲಿಲ್ಲದ ಕಡೆ ಪೆನ್ಸಿಲಿನಿಂದ ಚಿಕ್ಕ ಚಿಕ್ಕ ಗೆರೆ. ಕಾಡಿಗೆಯನ್ನು ಮೇಲಿನ ರೆಪ್ಪೆಗೆ ಮಾತ್ರ ಹಚ್ಚು. ಕೆಳಗೆ ಹಚ್ಚಿದರೆ ಮಧ್ಯಾಹ್ನಕ್ಕೆ ಇಳಿದು ಜ್ವರ ಬಂದವಳ ಹಾಗೆ ಕಾಣುತ್ತೀ. ಲಿಪ್‌ಸ್ಟಿಕ್ ನಿನ್ನ ತುಟಿಯ ಬಣ್ಣಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಅದನ್ನೇ ಒಂದು ಚುಕ್ಕೆ ಕೆನ್ನೆಗಿಟ್ಟು ಕಿವಿಯ ಕಡೆಗೆ ಎಳೆ.

ಕೊನೆಯಲ್ಲಿ ಬಿಳಿ ಪುಡಿ ಒತ್ತಬೇಕು, ಇಲ್ಲದಿದ್ದರೆ ಎಲ್ಲ ಕರಗುತ್ತದೆ. ಆ ಪುಡಿ ನನ್ನಲ್ಲಿ ಮುಗಿದಿದೆ, ತರಿಸಿ ಕಳಿಸುತ್ತೇನೆ.

ಶೋಕಿ ಇಂದು


ಬೇಲೂರು
31 ಆಗಸ್ಟ್ 2024

ಇಂದೂ,

ಎಲ್ಲ ಹಾಳಾಯಿತು.

ನಿನ್ನ ಪುಡಿ ಬರಲಿಲ್ಲ. ಫೋಟೋದ ದಿನ ಬೆಳಿಗ್ಗೆ ನೀನು ಹೇಳಿದಂತೆ ಒಂದೊಂದಾಗಿ ಹಚ್ಚಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ನಾನೇ, ಆದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದ ನಾನು. ಎಷ್ಟು ಸಂತೋಷವಾಯಿತು ಅಂದರೆ ಒಬ್ಬಳೇ ನಕ್ಕೆ. ಆಮೇಲೆ ಪುಡಿಯ ನೆನಪಾಯಿತು. ಬಿಳಿ ಪುಡಿ, ನಯವಾದ್ದು, ಬೆವರು ಹೀರುವಂಥದ್ದು. ದೇವರ ಕೋಣೆಯಲ್ಲಿ ಕಣ್ಣೆದುರಿಗೇ ವಿಭೂತಿ ಗಟ್ಟಿ ಇತ್ತು. ಪೂಜೆ ಮುಗಿಸಿ ಹಣೆಗೆ ಇಟ್ಟುಕೊಂಡು ಉಳಿದದ್ದನ್ನು ಪುಡಿ ಮಾಡಿ ಬಟ್ಟೆಯಲ್ಲಿ ಜರಡಿ ಹಿಡಿದು ಮುಖಕ್ಕೆಲ್ಲ ಒತ್ತಿಕೊಂಡೆ. ಶಿವನ ಪ್ರಸಾದ, ಕೆಟ್ಟದ್ದೇನಾಗುತ್ತೆ ಅಂದುಕೊಂಡೆ.

ಕನ್ನಡಿಯಲ್ಲಿ ಏನೂ ಗೊತ್ತಾಗಲಿಲ್ಲ. ಕ್ಯಾಮೆರಾದ ಫ್ಲ್ಯಾಷ್ ಬಿತ್ತು ನೋಡು. ಹನ್ನೊಂದು ಜನ ಮನುಷ್ಯರ ಹಾಗೆ ನಿಂತಿದ್ದಾರೆ, ನಡುವೆ ನಾನೊಬ್ಬಳು ಸ್ಮಶಾನದಿಂದ ಎದ್ದು ಬಂದವಳ ಹಾಗೆ ಬೆಳ್ಳಗೆ, ಹಲ್ಲು ಬಿಟ್ಟುಕೊಂಡು! ಹಣೆಯ ಮೇಲೆ ಫೌಂಡೇಶನ್ ಮತ್ತು ವಿಭೂತಿ ಸೇರಿ ಹಳೇ ಗೋಡೆಯ ಸುಣ್ಣದಂತೆ ಚಕ್ಕೆ ಎದ್ದಿದೆ. ಅಡುಗೆಯ ದ್ಯಾವಯ್ಯ, "ಏನವ್ವಾ, ಮಕಕ್ಕೆ ಮೈದಾ ಬಿತ್ತಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬೆಡ್‌ಶೀಟ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಶಶಿಕಿರಣ ನಗಲಿಲ್ಲ, ಅದೇ ಭಯ. "ಪರ್ವಾಗಿಲ್ಲ ಮೇಡಂ, ನಿಮ್ ಫೋಟೋ ಆಮೇಲ್ ನೋಡೋಣ" ಅಂದ. ಡಿಸೆಂಬರಿನ ಸೀಸನ್ ಶುರುವಾಗುವ ಮುಂಚೆ ಕೌಂಟರಿನ ವಿಷಯ ತೀರ್ಮಾನ ಮಾಡುತ್ತಾನಂತೆ.

ಶಾಂತಾ


ಅರಸೀಕೆರೆ
4 ಸೆಪ್ಟೆಂಬರ್ 2024

ಶಾಂತೂ,

ಕ್ಷಮಿಸು, ನಿನ್ನ ಕಾಗದ ಓದಿ ಕುರ್ಚಿಯಿಂದ ಬೀಳುವಷ್ಟು ನಕ್ಕೆ. ಆಮೇಲೆ ಕೊನೆಯ ಸಾಲು ಓದಿ ನನಗೂ ಅಳು ಬಂತು. ತಪ್ಪು ನನ್ನದು. ಪುಡಿ ತರಿಸಲು ಮರೆತಿದ್ದೆ.

ಹದಿನೈದನೇ ತಾರೀಖು ಭಾನುವಾರ ಬಾ. ಬರೆದು ಕಲಿಸುವ ವಿದ್ಯೆಯಲ್ಲ ಇದು, ನಾನೇ ಕೈಯಾರೆ ಮಾಡುತ್ತೇನೆ. ಹಣೆಯ ಬಗ್ಗೆ ಮೂರು ದಿನ ಯೋಚಿಸಿದೆ. ಫೌಂಡೇಶನ್ ಮೇಲೆ ವಿಭೂತಿ ಕೂರುವುದಿಲ್ಲ. ನೀನು ವಿಭೂತಿ ಬಿಡುವವಳಲ್ಲ. ಅದಕ್ಕೆ ಹಣೆಯ ನಡುವೆ ಹೆಬ್ಬೆರಳಷ್ಟು ಅಗಲ ಪಟ್ಟಿಯನ್ನು ಹಾಗೇ ಖಾಲಿ ಬಿಡೋಣ. ಸುತ್ತ ಅಂಚನ್ನು ನಾನು ನಯವಾಗಿ ಬೆರೆಸುತ್ತೇನೆ. ಬರೀ ಚರ್ಮದ ಮೇಲೆ ವಿಭೂತಿ ಬಂದು ಕೂತರೆ ಅಲ್ಲಿ ಜಾಗ ಬಿಟ್ಟದ್ದು ದೇವರಿಗೂ ಗೊತ್ತಾಗಬಾರದು. ಇದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ. ನಿನ್ನೊಬ್ಬಳಿಗೇ ಅಂತ ನಾನು ಕಂಡುಹಿಡಿದದ್ದು.

ಇಂದು


ಬೇಲೂರು
22 ಸೆಪ್ಟೆಂಬರ್ 2024

ನನ್ನ ಚಿನ್ನದಂಥ ಇಂದೂ,

ನಿನ್ನ ಕೈಗೆ ಏನು ಕೊಟ್ಟರೂ ಸಾಲದು. ವಾರದಿಂದ ದಿನಾ ನೀನು ತೋರಿಸಿದ ಹಾಗೇ ಮಾಡುತ್ತಿದ್ದೇನೆ, ಹಣೆಯ ಜಾಗವನ್ನೂ ಬಿಟ್ಟು. ಹಳೇಬೀಡಿನ ಗೈಡ್ ದೇವೀರಪ್ಪ ಟೂರಿಸ್ಟುಗಳನ್ನು ಕರೆದುಕೊಂಡು ಬಂದವನು ನನ್ನನ್ನು ಎರಡು ಸಲ ನೋಡಿ, "ಏನ್ ಶಾಂತಕ್ಕಾ, ರಜಾ ಹಾಕಿ ಎಲ್ಲಾರಾ ಹೋಗಿದ್ರಾ? ಮಕ ಲಕಲಕ ಅಂತೈತೆ" ಅಂದ. ಮೇಕಪ್ ಅಂತ ಅವನಿಗೆ ಹೊಳೆಯಲೇ ಇಲ್ಲ. ಮನೆಯವರು ಮಾತ್ರ, "ಯಾವ್ ಮದ್ವೆಗ್ ಹೊಂಟೆ?" ಅಂದರು. ಗಂಡಂದಿರಿಗೆ ಇನ್ನೇನು ಕಾಣುತ್ತದೆ ಬಿಡು.

ಶಶಿಕಿರಣನೂ ಗಮನಿಸಿದ. "ಗುಡ್ ಮೇಡಂ, ಯಾವ್ ಪಾರ್ಲರ್?" ಅಂತ ಕೇಳಿದ. ಡಬ್ಬಿ ಕೌಂಟರಿನ ಕೆಳಗಿತ್ತು, ತೆಗೆದು ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, ಮುಚ್ಚಳದ ಮೇಲೆ ಅಂಟಿಸಿರುವ ನಿನ್ನ ಹೆಸರು, ಫೋನ್ ನಂಬರಿನ ಚೀಟಿಯನ್ನೂ ಓದಿದ. ನಿನ್ನನ್ನು ಹೊಗಳಿ ಹೊಗಳಿ ಹೇಳಿದೆ.

ಆದರೂ ಸಮಾಧಾನ ಇಲ್ಲ ಕಣೇ. ನಾಲ್ಕೂವರೆಗೇ ಎಚ್ಚರವಾಗುತ್ತದೆ. ಮೂರು ಗಂಟೆಯ ಬಸ್ಸಿನ ಗಿರಾಕಿಗಳು ಬರುವ ಹೊತ್ತಿಗೆ ಮುಖ ಸೋರುತ್ತಿದೆಯೇನೋ ಅನ್ನಿಸಿ ಬಚ್ಚಲಿಗೆ ಓಡುತ್ತೇನೆ. ಮೊನ್ನೆ ಅತ್ತೆ ಮುಖ ತೊಳೆದ ನನ್ನನ್ನು ನೋಡಿ, "ಹುಷಾರಿಲ್ವೇನೇ?" ಅಂದರು. ನನ್ನ ಮುಖವೇ ಕಾಯಿಲೆಯ ಮುಖವಾಗಿಬಿಟ್ಟಿದೆ.

ಆ ಭಾನುವಾರ ನಾನಿದ್ದಷ್ಟು ಹೊತ್ತೂ ಪಾರ್ಲರಿಗೆ ಒಬ್ಬರೂ ಬರಲಿಲ್ಲ. ನನಗೋಸ್ಕರ ಎಲ್ಲರನ್ನೂ ಬೇರೆ ದಿನ ಬನ್ನಿ ಅಂದಿದ್ದೆಯಾ? ಹಾಗೆಲ್ಲ ಮಾಡಬೇಡ, ನನಗೆ ಸಂಕೋಚ.

ಶಾಂತಾ


ಅರಸೀಕೆರೆ
9 ಅಕ್ಟೋಬರ್ 2024

ಶಾಂತಾ,

ಕಾಗದ ಬಂತು. ತಡವಾಯಿತು. ಹುಡುಗಿಯರಿಗೆ ಕೋರ್ಸ್ ಶುರು ಮಾಡಿದ್ದೇನೆ, ಮೂರು ತಿಂಗಳದ್ದು. ಅದರಲ್ಲೇ ಮುಳುಗಿದ್ದೇನೆ.

ಒಂದು ಕೇಳಬೇಕಿತ್ತು. ನಿಮ್ಮ ಲಾಡ್ಜಿನಲ್ಲಿ ಕೌಂಟರಿಗೆ ಎಷ್ಟು ಜನ? ಸೀಸನ್ನಿನಲ್ಲಿ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತಾರಾ? ಸುಮ್ಮನೆ ಕೇಳಿದೆ.

ಪುಡಿ ಕಳಿಸಿದ್ದೇನೆ.

ಇಂದು


ಬೇಲೂರು
15 ಅಕ್ಟೋಬರ್ 2024

ಇಂದೂ,

ಎಷ್ಟು ಜನ ಅಂದರೆ? ಒಂದೇ ಕುರ್ಚಿ, ಅದರ ಮೇಲೆ ನಾನು. ಇನ್ನೊಂದು ಕುರ್ಚಿ ಹಾಕಿದರೆ ಬಾಗಿಲು ತೆಗೆಯಲು ಬರುವುದಿಲ್ಲ. ಯಾಕೆ, ನೀನೇ ಬಂದು ಕೂರುತ್ತೀಯಾ? ಬಾ, ಇಬ್ಬರೂ ಸೇರಿ ಗಿರಾಕಿಗಳನ್ನು ಹೆದರಿಸೋಣ.

ಇಲ್ಲಿ ನನಗೆ ಧೈರ್ಯ ಬರುತ್ತಿದೆ. ಕೌಂಟರಿಗೆ ಹೊಸ ಕೋಟು ಹೊಲಿಸಿದ್ದಾರೆ, ನೀಲಿ ಬಣ್ಣ, ಚಿನ್ನದ ಗುಂಡಿ. ಗೂಟಕ್ಕೆ ನೇತುಹಾಕಿದ್ದರು, ಯಾರೂ ಇಲ್ಲದಾಗ ಹಾಕಿಕೊಂಡು ನೋಡಿದೆ. ತೋಳು ಮೊಣಕೈ ದಾಟಲಿಲ್ಲ. ಟೈಲರ್ ಅಳತೆ ತಪ್ಪಿದ್ದಾನೆ, ನನ್ನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿರಲಿಲ್ಲವೇ? ಇರಲಿ, ರಾತ್ರಿ ಅನ್ನ ಬಿಟ್ಟಿದ್ದೇನೆ. ಡಿಸೆಂಬರಿನ ಒಳಗೆ ಗುಂಡಿ ಹಾಕಿಯೇ ಹಾಕುತ್ತೇನೆ.

ನಿನ್ನ ಕಾಗದ ಯಾಕೆ ಅಷ್ಟು ಒಣಗಿಕೊಂಡಿದೆ? ಹಾಸ್ಟೆಲಿನಲ್ಲಿದ್ದಾಗ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತುವಾಗ ಜಗಳವಾಡಿ ಆರು ದಿನ ಮಾತು ಬಿಟ್ಟಿದ್ದೆಯಲ್ಲ, ಆಗಿನ ದನಿಯಿದೆ ಅದರಲ್ಲಿ. ನಾನೇನಾದರೂ ತಪ್ಪು ಅಂದೆನಾ? ಪಾರ್ಲರ್ ಖಾಲಿ ಅಂದದ್ದಕ್ಕಾ?

ಶಾಂತಾ


ಬೇಲೂರು
2 ನವೆಂಬರ್ 2024

ಇಂದೂ,

ದೀಪಾವಳಿಗೂ ಒಂದು ಸಾಲು ಇಲ್ಲ. ರಾಜಶೇಖರ್ ದಿನಾ ಬಸ್ಸಿನಿಂದಲೇ ಕೈ ಅಲ್ಲಾಡಿಸುತ್ತಾನೆ, "ಏನೂ ಕೊಟ್ಟಿಲ್ಲ ಕಣಕ್ಕಾ" ಅಂತ. ಫೋನ್ ಮಾಡಿದರೆ ಎತ್ತುವುದಿಲ್ಲ. ನಿನಗೆ ಮೈ ಹುಷಾರಿಲ್ಲವಾ? ಮನೆಯಲ್ಲಿ ಏನಾದರೂ ಆಯಿತಾ? ಬರಬೇಕು ಅಂದರೆ ಇಲ್ಲಿ ರಜೆ ಕೇಳಲು ಭಯ. ಒಂದು ದಿನ ಎದ್ದು ಹೋದರೂ ಆ ಕುರ್ಚಿ ಇರುತ್ತದೋ ಇಲ್ಲವೋ.

ಕಾಡಿಗೆ ಮುಗಿದಿದೆ. ಅದು ನೆಪ. ಒಂದು ಸಾಲು ಬರೆ.

ಶಾಂತಾ


ಅರಸೀಕೆರೆ
6 ನವೆಂಬರ್ 2024

ಕಾಡಿಗೆ ಇಟ್ಟಿದ್ದೇನೆ. ನಾನು ಹುಷಾರಾಗಿದ್ದೇನೆ.

ಆ ಬೆಡ್‌ಶೀಟ್ ರೂಮಿಗೆ ಕಿಟಕಿ ಇದೆಯಾ?

ಇಂದು


ಬೇಲೂರು
19 ನವೆಂಬರ್ 2024

ಇಂದೂ,

ಇದೆ. ಚಿಕ್ಕದು, ಹಿತ್ತಲ ಕಡೆಗೆ. ಅದರ ಪಕ್ಕ ಕೂತೇ ಬರೆಯುತ್ತಿದ್ದೇನೆ. ಇಲ್ಲಿ ಕ್ಯಾಮೆರಾ ಇಲ್ಲ, ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳುವುದು ಬೇಡ ಅನ್ನಿಸಿತು.

ನಿನ್ನೆ ಬೆಳಿಗ್ಗೆ ಎಂಟಕ್ಕೆ ಹೋದೆ. ನನ್ನ ಕುರ್ಚಿಯ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ನಂದಿತಾ ಅಂತೆ, ಬಿಕ್ಕೋಡಿನವಳು, ಇಪ್ಪತ್ತೆರಡು ವರ್ಷ. ನೀಲಿ ಕೋಟು ಅವಳಿಗೆ ಹೊಲಿಸಿದ ಹಾಗಿತ್ತು. ಹೊಲಿಸಿದ್ದೇ ಅವಳಿಗೆ. ಶಶಿಕಿರಣ ನಯವಾಗಿಯೇ ಹೇಳಿದ: "ಮೇಡಂ, ಒಂದ್ ವಾರ ಇವ್ಳಿಗೆ ಎಲ್ಲ ಹೇಳ್ಕೊಡಿ. ಆಮೇಲ್ ನೀವು ಆರಾಮಾಗಿ ಒಳ್ಗಡೆ ಇರ್ಬೋದು."

ನಾನು ಅಳಲಿಲ್ಲ. ಅವಳ ಮುಖ ನೋಡುತ್ತ ನಿಂತೆ. ಕಾಡಿಗೆ ಮೇಲಿನ ರೆಪ್ಪೆಗೆ ಮಾತ್ರ. ಕೆನ್ನೆಯ ಮೇಲೆ ತುಟಿಯ ಬಣ್ಣವೇ, ಕಿವಿಯ ಕಡೆಗೆ ಎಳೆದದ್ದು. ಇವನ್ನೆಲ್ಲ ಯಾರು ಬೇಕಾದರೂ ಮಾಡಬಹುದು ಅಂದುಕೊಂಡೆ. ಆಮೇಲೆ ಬಾಗಿಲಿನ ಬಿಸಿಲು ಅವಳ ಹಣೆಗೆ ಬಿತ್ತು. ನಡುವೆ ಹೆಬ್ಬೆರಳಷ್ಟು ಅಗಲ ಖಾಲಿ ಪಟ್ಟಿ. ಸುತ್ತ ಅಂಚು ನಯವಾಗಿ ಬೆರೆಸಿದೆ.

"ನೀನು ವಿಭೂತಿ ಇಟ್ಕೋತೀಯೇನಮ್ಮಾ?" ಅಂದೆ.

"ಇಲ್ಲ ಆಂಟಿ, ನಮ್ಮಲ್ಲಿ ಕುಂಕುಮ ಅಷ್ಟೇಯ."

"ಮತ್ತೆ ಹಣೇಲಿ ಯಾಕಮ್ಮ ಜಾಗ ಬಿಟ್ಟಿದೀಯಾ?"

"ಇಂದು ಮೇಡಂ ಕಲ್ಸಿದ್ದೇ ಹಿಂಗೆ. ಯಾಕೆ ಅಂತ ನಾನು ಕೇಳ್ಲಿಲ್ಲ."

ಪಾಪ, ಅವಳಿಗೇನು ಗೊತ್ತು. ಬೆಂಗಳೂರಿನ ಬಸ್ಸು ಬರುವ ಹೊತ್ತಾಗಿತ್ತು. ನನ್ನ ಡಬ್ಬಿ ತೆಗೆದೆ. ಉಂಗುರದ ಬೆರಳಿಗೆ ಫೌಂಡೇಶನ್ ತೆಗೆದುಕೊಂಡು ಅವಳ ಹಣೆಯ ಆ ಪಟ್ಟಿಯನ್ನು ಪೂರ್ತಿ ಮುಚ್ಚಿದೆ. ಕುರ್ಚಿ ಕೊಟ್ಟೆ, ಕೋಟೂ ಅವಳದೇ. ಆ ಜಾಗ ಮಾತ್ರ ನನ್ನದು. ನನ್ನೊಬ್ಬಳಿಗೇ ಅಂತ ನೀನೇ ಬರೆದಿದ್ದೆ.

ಶಾಂತಾದೇವಿ


ಅರಸೀಕೆರೆ
21 ನವೆಂಬರ್ 2024

ಶಾಂತಾ,

ಹರಿದು ಹಾಕುವ ಮುಂಚೆ ಒಂದು ಸಲ ಓದು.

ಪಾರ್ಲರಿಗೆ ಜನರಿಲ್ಲ. ನೀನು ಬಂದ ಭಾನುವಾರ ನಾನು ಯಾರನ್ನೂ ಬೇಡ ಅಂದಿರಲಿಲ್ಲ. ಸ್ಟೇಷನ್ ರೋಡಿನಲ್ಲಿ ಎ.ಸಿ. ಹಾಕಿದ ಪಾರ್ಲರ್ ಬಂದಾಗಿನಿಂದ ನನ್ನ ಕುರ್ಚಿಯೂ ಖಾಲಿಯೇ. "ಕಾಲಿಡಲು ಜಾಗವಿಲ್ಲ" ಅಂತ ನಿನಗೆ ಬರೆದ ದಿನ ಒಳಗೆ ನಾನೂ ಒಂದು ಬೆಕ್ಕೂ ಇದ್ದೆವು. ಕೋರ್ಸಿಗೆ ಆರು ಹುಡುಗಿಯರು ಸೇರಿ ಐದು ಜನ ಬಿಟ್ಟುಹೋದರು. ಉಳಿದವಳು ನಂದಿತಾ. ಇವಳಿಗೆ ಒಂದು ಕೆಲಸ ಸಿಕ್ಕಿದರೆ ಇನ್ನೂ ನಾಲ್ವರು ಸೇರುತ್ತಾರೆ ಅನ್ನಿಸಿತ್ತು. ಅಷ್ಟರಲ್ಲಿ ನಿಮ್ಮ ಶಶಿಕಿರಣನ ಫೋನ್ ಬಂತು. ನಂಬರ್ ಸಿಕ್ಕಿದ್ದು ನಿನ್ನ ಡಬ್ಬಿಯ ಮುಚ್ಚಳದ ಚೀಟಿಯಿಂದ. "ನಮ್ ಮೇಡಮ್ಮನ್ನೇ ಇಷ್ಟ್ ಚೆನ್ನಾಗಿ ಮಾಡಿದೀರಾ, ಒಂದು ಚಿಕ್ಕ ಹುಡ್ಗಿನ ರೆಡಿ ಮಾಡಿ ಕಳ್ಸಿ" ಅಂದ.

ನಿನಗೆ ಜೊತೆಯಾಗುವ ಹುಡುಗಿ ಅಂದುಕೊಂಡೆ ಅಂತ ಬರೆಯಬಹುದು. ಮೊದಲ ವಾರ ಹಾಗೇ ಅಂದುಕೊಂಡೆ. "ಒಂದೇ ಕುರ್ಚಿ" ಅಂತ ನಿನ್ನ ಕಾಗದ ಬಂದ ಮೇಲೆ ಹಾಗೆ ಅಂದುಕೊಳ್ಳಲೂ ಆಗಲಿಲ್ಲ. ಆದರೂ ಕಲಿಸುವುದನ್ನು ನಿಲ್ಲಿಸಲಿಲ್ಲ. ಹೇಳಿದರೆ ನೀನು ನನ್ನನ್ನು ಬಿಟ್ಟು ಹೋಗುತ್ತೀಯ, ಹೇಳದಿದ್ದರೆ ಇನ್ನೊಂದು ವಾರವಾದರೂ ಇರುತ್ತೀಯ ಅಂತ ದಿನ ತಳ್ಳಿದೆ. ನಾನು ಹೇಡಿ.

ಅವಳ ಹಣೆಯ ಮೇಲೆ ಜಾಗ ಬಿಟ್ಟದ್ದು ನಿನ್ನ ಕಾಗದ ಓದುವವರೆಗೂ ನನಗೆ ಗೊತ್ತೇ ಇರಲಿಲ್ಲ. ಎರಡು ತಿಂಗಳು ನಿನ್ನ ಮುಖವನ್ನೇ ನೆನೆದು ನೆನೆದು ಕೈಗೆ ಅದೇ ಅಭ್ಯಾಸವಾಗಿತ್ತು.

ಆ ರೂಮು ಬಿಟ್ಟು ಇಲ್ಲಿಗೆ ಬಂದುಬಿಡು. ನನ್ನ ಪಾರ್ಲರಿನ ಮುಂದಿನ ಮೇಜು ನಿನ್ನದು. ನಿನ್ನ ಹೆಸರು ಬರೆಸಿ ಇಡುತ್ತೇನೆ. ಬರುತ್ತೀಯಾ?

ಇಂದು


ಬೇಲೂರು
8 ಡಿಸೆಂಬರ್ 2024

ಇಂದೂ,

ಹದಿನೇಳು ದಿನ ನಿನ್ನನ್ನು ಕಾಯಿಸಿದ್ದೇನೆ. ರಾಜಶೇಖರ್ ಕೈ ಅಲ್ಲಾಡಿಸುವುದು ಹೇಗಿರುತ್ತದೆ ಅಂತ ನಿನಗೂ ತಿಳಿಯಲಿ ಅಂತ.

ನಿನ್ನ ಮೇಜು ಬೇಡ. ನೀನು ಕೊಟ್ಟ ಕುರ್ಚಿಯಲ್ಲಿ ಕೂತರೆ ದಿನಾ ನಿನ್ನ ಮುಖ ನೋಡಿ ಸಿಟ್ಟು ಬರುತ್ತದೆ, ಆಮೇಲೆ ಸಿಟ್ಟು ಹೋಗುತ್ತದೆ. ಎರಡೂ ಈಗ ನನಗೆ ಬೇಡ. ಜನರಿಲ್ಲ ಅಂತ ಮೊದಲೇ ಬರೆದಿದ್ದರೆ ನಾನೇ ಹಾಸ್ಟೆಲಿನ ಹಳೇ ಗೆಳತಿಯರನ್ನೆಲ್ಲ ಎಳೆದುಕೊಂಡು ಬಂದು ನಿನ್ನ ಮುಂದೆ ಕೂರಿಸುತ್ತಿದ್ದೆ. ನೀನು ಬೆಕ್ಕಿನ ಜೊತೆ ಕೂತು ನನಗೆ ಜಂಬ ಕೊಚ್ಚಿದೆ. ಅದಕ್ಕೇ ನನಗೆ ಹೆಚ್ಚು ಸಿಟ್ಟು.

ನಂದಿತಾ ಕಲಿಯುತ್ತಿದ್ದಾಳೆ. ಗಿರಾಕಿಗಳು ರೇಗಿದರೆ ಓಡಿ ಬಂದು ನನ್ನ ಕಿಟಕಿಯಲ್ಲಿ ಮುಖ ಇಟ್ಟು, "ಆಂಟಿ, ಈಗ ಏನ್ ಹೇಳ್ಲಿ?" ಅನ್ನುತ್ತಾಳೆ. ಹೇಳಿಕೊಡುತ್ತೇನೆ. ಮೊದಲ ದಿನ ಹೇಳಬಾರದು ಅಂದುಕೊಂಡಿದ್ದೆ. ಆಗಲಿಲ್ಲ, ಅವಳ ಕಣ್ಣಿನ ಕಾಡಿಗೆ ಇಳಿಯುತ್ತಿತ್ತು.

ಈಗಲೂ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಎರಡು ವಾರ ಮುಖ ತೊಳೆದುಕೊಂಡು ಹಾಗೇ ಹೋದೆ. ಬೆಡ್‌ಶೀಟುಗಳಿಗೆ ನನ್ನ ಮುಖ ಹೇಗಿದ್ದರೇನು? ಇವತ್ತು ಯಾಕೋ ತಡೆಯಲಾಗದೆ ಡಬ್ಬಿ ತೆಗೆದು ಕನ್ನಡಿಯ ಮುಂದೆ ಕೂತೆ. ಯಾವ ಆತುರವೂ ಇರಲಿಲ್ಲ. ಕ್ರೀಮ್ ಹಚ್ಚಿ ಐದು ನಿಮಿಷ ಸುಮ್ಮನೆ ಕೂತೆ, ಮೊದಲ ಸಲ. ಎಲ್ಲವನ್ನೂ ಹಚ್ಚಿ, ಹಣೆಯ ಮೇಲೆ ನನ್ನ ಜಾಗ ಬಿಟ್ಟು, ಪೂಜೆ ಮಾಡಿ ವಿಭೂತಿ ಇಟ್ಟುಕೊಂಡೆ. ದಿನವೆಲ್ಲ ಆ ರೂಮಿನಲ್ಲಿ ಬೆಡ್‌ಶೀಟ್ ಮಡಿಸಿದೆ. ಒಂದು ನರಪಿಳ್ಳೆಯೂ ನೋಡಲಿಲ್ಲ. ಆದರೂ ಚೆನ್ನಾಗಿ ಕಾಣುತ್ತಿದ್ದೆ ಕಣೇ. ಮೂರು ಗಂಟೆಗೆ ಕಿಟಕಿಯ ಗಾಜಿನಲ್ಲಿ ನೋಡಿಕೊಂಡೆ, ಏನೂ ಸೋರಿರಲಿಲ್ಲ.

ನಿನ್ನನ್ನು ಕ್ಷಮಿಸಿಲ್ಲ. ಪುಡಿ ಮುಗಿದಿದೆ. ನಾನು ಮತ್ತೆ ವಿಭೂತಿ ಗಟ್ಟಿಗೆ ಕೈ ಹಾಕುವ ಮುಂಚೆ ಕಳಿಸು. ಈ ಸಲ ಮುಚ್ಚಳದ ಮೇಲೆ ನಿನ್ನ ಹೆಸರಿನ ಚೀಟಿ ಅಂಟಿಸಬೇಡ.

ಶಾಂತಾ